ನಗಿಸುತ್ತಾ ಬುದ್ಧಿ ಹೇಳುವ ಪುಸ್ತಕಗಳು: ಅಲ್ಲಿ ತಮಾಷೆಗೇನು ಕೆಲಸ?

ಸೆಲ್ಫ್ ಹೆಲ್ಪ್ ಪುಸ್ತಕ ಅಂದ ಕೂಡಲೇ ಬೇಗ ಶ್ರೀಮಂತರಾಗುವುದು ಹೇಗೆ, ನಾಯಕರಾಗುವುದು ಹೇಗೆ ಅನ್ನುವ ದಪ್ಪಕ್ಷರದ ರಕ್ಷಾಪುಟಗಳು ಕಣ್ಣ ಮುಂದೆ ಬರುತ್ತವೆ. ಅವುಗಳ ಪಕ್ಕದಲ್ಲೇ ಈಗ ಇನ್ನೊಂದು ಬಗೆಯ ಪುಸ್ತಕ ಸೇರಿಕೊಂಡಿದೆ. ಅದು ಕೈ ಹಾಕುವುದು ತೀರಾ ಚಿಕ್ಕ ವಿಷಯಗಳಿಗೆ. ಸಿಂಕ್‌ನಲ್ಲಿ ಪಾತ್ರೆ ರಾಶಿ ಬೀಳದಂತೆ ನೋಡಿಕೊಳ್ಳುವುದು. ಬಿಲ್ ಕಟ್ಟುವ ದಿನ ಮರೆಯದಿರುವುದು. ಮನೆಯವರನ್ನು ಕಳೆದುಕೊಂಡ ಸ್ನೇಹಿತರಿಗೆ ಏನು ಹೇಳಬೇಕು ಅಂತ ತಿಳಿಯುವುದು. ಎರವಲು ತಂದದ್ದನ್ನು ಕೇಳುವ ಮೊದಲೇ ವಾಪಸ್ ಕೊಡುವುದು. ಇದೆಲ್ಲವನ್ನೂ ಅದು ಓದುಗರನ್ನು ನಗಿಸುತ್ತಾ ಹೇಳುತ್ತದೆ.

ಇದನ್ನು ಕಂಡು ಮೂಗು ಮುರಿಯುವವರೂ ಇದ್ದಾರೆ. ಪಾತ್ರೆ ತೊಳೆಯೋಕೂ ಪುಸ್ತಕ ಬೇಕಾ? ಒಳ್ಳೆಯವರಾಗಿರಿ ಅಂತ ಹೇಳೋಕೆ ಜೋಕ್ ಯಾಕೆ? ಎರಡೂ ನ್ಯಾಯವಾದ ಪ್ರಶ್ನೆಗಳೇ. ನನಗೆ ಅನ್ನಿಸುವುದು ಇಷ್ಟು: ಈ ಪುಸ್ತಕಗಳಲ್ಲಿ ಪಾಠಕ್ಕಿಂತ ಮೊದಲು ಕೆಲಸ ಶುರು ಮಾಡುವುದು ತಮಾಷೆಯೇ. ದೊಡ್ಡವರಂತೆ ಬದುಕು ನಡೆಸಲು, ಇನ್ನೊಬ್ಬರ ಜೊತೆ ಒಳ್ಳೆಯ ರೀತಿಯಲ್ಲಿ ನಡೆದುಕೊಳ್ಳಲು ನಮಗೆ ಅಡ್ಡ ಬರುವುದು ಹೆಚ್ಚಿನ ಸಲ ನಾಚಿಕೆ. ನಗು ಆ ನಾಚಿಕೆಯ ಬಿಗಿಯನ್ನು ಸಡಿಲಿಸುತ್ತದೆ. ಅದು ಹೇಗೆ ಅಂತ ಬಿಡಿಸಿ ನೋಡೋಣ.

ಮೊದಲು ಹೇಳುವವರ ದನಿ ಬದಲಾದದ್ದನ್ನು ಗಮನಿಸಬೇಕು. ಸ್ಕಾಟ್ಲೆಂಡ್‌ನ ಸ್ಯಾಮ್ಯುಯೆಲ್ ಸ್ಮೈಲ್ಸ್ 1859ರಲ್ಲಿ 'ಸೆಲ್ಫ್ ಹೆಲ್ಪ್' ಅನ್ನುವ ಹೆಸರಿನಲ್ಲೇ ಪುಸ್ತಕ ತಂದರು. ಕಷ್ಟಪಟ್ಟು ಮೇಲೆ ಬಂದ ಎಂಜಿನಿಯರ್‌ಗಳ, ಸಂಶೋಧಕರ ಕಥೆಗಳು ಅದರ ತುಂಬ ಇವೆ. ನೋಡಿ, ಇವರು ಹೀಗೆ ದುಡಿದರು, ನೀವೂ ದುಡಿಯಿರಿ ಅನ್ನುವುದು ಅದರ ಧಾಟಿ. ಅಮೆರಿಕದ ಡೇಲ್ ಕಾರ್ನೆಗಿ 1936ರಲ್ಲಿ ಜನರ ಸ್ನೇಹ ಗಳಿಸುವ ಬಗ್ಗೆ ಬರೆದರು. ಅವರ ಮಾತು ಹೆಚ್ಚು ಆಪ್ತ, ಉದಾಹರಣೆಗಳೂ ಜಾಸ್ತಿ. ಆದರೂ ಅಲ್ಲಿ ಹೇಳುವವರು ಗೊತ್ತಿರುವ ಮೇಷ್ಟ್ರು, ಓದುವವರು ಗೊತ್ತಿಲ್ಲದ ವಿದ್ಯಾರ್ಥಿ.

2013ಕ್ಕೆ ಬನ್ನಿ. ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಪತ್ರಿಕೆಯ ವರದಿಗಾರ್ತಿಯಾಗಿದ್ದ ಕೆಲ್ಲಿ ವಿಲಿಯಮ್ಸ್ ಬ್ರೌನ್ ದೊಡ್ಡವರಾಗುವುದು ಹೇಗೆ ಅಂತ 468 ಹೆಜ್ಜೆಗಳ ಪುಸ್ತಕ ಬರೆದರು. ಆ ಹೆಜ್ಜೆಗಳು ಸುಲಭ ಅಂತಲೂ ಅವರು ಪೂರ್ತಿ ಧೈರ್ಯದಿಂದ ಹೇಳಲಿಲ್ಲ. ಸುಮಾರಾಗಿ ಸುಲಭ ಅಂತ ರಕ್ಷಾಪುಟದಲ್ಲೇ ಹಾಕಿದರು. 2018ರಲ್ಲಿ ಪರಿಷ್ಕರಿಸಿದಾಗ ಹೆಜ್ಜೆಗಳು 535 ಆದವು. ಈ ಸಂಖ್ಯೆಯಲ್ಲೇ ಒಂದು ತಮಾಷೆ ಇದೆ, ಒಂದು ನಿಜವೂ ಇದೆ. ಹಳೆಯ ಪುಸ್ತಕಗಳು ಏಳು ಸೂತ್ರ, ಹತ್ತು ಗುಟ್ಟು ಅಂತ ಬದುಕನ್ನು ಬೆರಳೆಣಿಕೆಗೆ ಇಳಿಸುತ್ತಿದ್ದವು. ಇಲ್ಲಿ ಲೇಖಕಿ ನಿಮ್ಮ ಪಕ್ಕದಲ್ಲೇ ಕೂತು, ಕೆಲಸ ತುಂಬಾ ಇದೆ ಮಾರಾಯ್ರೆ, ಆದರೆ ಒಂದೊಂದೂ ಚಿಕ್ಕದು ಅಂತ ಹೇಳುತ್ತಾರೆ.

ಯಾರೂ ಹೇಳಿಕೊಡದ ಪಾಠ

ದೊಡ್ಡವರಾಗುವುದನ್ನು ಕಲಿಯಬೇಕಾ, ವಯಸ್ಸಾದರೆ ತಾನಾಗಿ ಬರೋದಿಲ್ವಾ? ಮನಶ್ಶಾಸ್ತ್ರಜ್ಞ ಜೆಫ್ರಿ ಆರ್ನೆಟ್ 2000ದಲ್ಲಿ ಬರೆದ ಒಂದು ಪ್ರಬಂಧ ಇಲ್ಲಿ ನೆರವಿಗೆ ಬರುತ್ತದೆ. ಕೈಗಾರಿಕೆ ಬೆಳೆದ ದೇಶಗಳಲ್ಲಿ 18ರಿಂದ 25ರ ಆಸುಪಾಸಿನ ವಯಸ್ಸು ಹದಿಹರೆಯವೂ ಅಲ್ಲ, ಪೂರ್ತಿ ದೊಡ್ಡತನವೂ ಅಲ್ಲ, ಅದು ತನ್ನದೇ ಆದ ಒಂದು ಹಂತ ಅಂತ ಅವರು ವಾದಿಸಿದರು. ದೊಡ್ಡವರಾಗಿದ್ದೀರಿ ಅಂತ ಯಾವಾಗ ಅನ್ನಿಸುತ್ತದೆ ಅಂತ ಆ ವಯಸ್ಸಿನವರನ್ನು ಕೇಳಿದಾಗ ಮದುವೆ, ಡಿಗ್ರಿ, ಕೆಲಸ ಇವು ಮೊದಲ ಸಾಲಿನಲ್ಲಿ ಬರಲಿಲ್ಲ. ತಮ್ಮ ಜವಾಬ್ದಾರಿ ತಾವೇ ಹೊರುವುದು, ತಮ್ಮ ತೀರ್ಮಾನ ತಾವೇ ತೆಗೆದುಕೊಳ್ಳುವುದು, ತಮ್ಮ ಖರ್ಚು ತಾವೇ ನೋಡಿಕೊಳ್ಳುವುದು, ಇವು ಬಂದವು.

ಮದುವೆಗೆ, ಡಿಗ್ರಿಗೆ ಒಂದು ದಿನಾಂಕ ಇರುತ್ತದೆ. ಜವಾಬ್ದಾರಿ ಹೊರುವುದಕ್ಕೆ ದಿನಾಂಕ ಇಲ್ಲ. ಇವತ್ತಿನಿಂದ ನೀವು ದೊಡ್ಡವರು ಅಂತ ಯಾರೂ ಪತ್ರ ಕೊಡುವುದಿಲ್ಲ. ದೊಡ್ಡವರ ಬದುಕಿನ ಬಹುಪಾಲು ಕೆಲಸ ಕಣ್ಣಿಗೂ ಬೀಳುವುದಿಲ್ಲ. ಮನೆ ಸ್ವಚ್ಛವಾಗಿದ್ದರೆ ಅದು ಹಾಗೇ ಇರುತ್ತದೆ ಅಂತ ಮಕ್ಕಳಿಗೆ ಅನ್ನಿಸುತ್ತದೆ. ಇನ್ಶೂರೆನ್ಸ್ ಕಂತು ಯಾರು ಕಟ್ಟಿದರು, ಜಗಳವಾದ ನೆಂಟರಿಗೆ ಮೊದಲು ಫೋನ್ ಮಾಡಿದವರು ಯಾರು, ಇದೆಲ್ಲ ಬಾಗಿಲ ಆಚೆ ನಡೆದುಹೋಗಿರುತ್ತದೆ.

ಹಾಗಾಗಿ ಒಂದು ವಯಸ್ಸಿಗೆ ಬಂದಾಗ ಎಲ್ಲರಿಗೂ ಗೊತ್ತಿದೆ, ನನಗೊಬ್ಬನಿಗೇ ಗೊತ್ತಿಲ್ಲ ಅನ್ನುವ ಭಾವನೆ ಬರುತ್ತದೆ. ಹತ್ತು ವರ್ಷದ ಮಗು ಚೆಕ್ ಬರೆಯೋದು ಹೇಗೆ ಅಂತ ಕೇಳಿದರೆ ಮುದ್ದು. ಮೂವತ್ತು ವರ್ಷದವರು ಕೇಳಲು ಹಿಂಜರಿಯುತ್ತಾರೆ. ಕೇಳದಿದ್ದರೆ ಕಲಿಯುವುದಿಲ್ಲ. ಕಲಿಯದಿದ್ದರೆ ಮುಂದಿನ ಸಲ ಕೇಳುವುದು ಇನ್ನೂ ಕಷ್ಟ. ಈ ಪುಸ್ತಕಗಳಿಗೆ ಓದುಗರು ಸಿಗುವುದು ಇಲ್ಲಿಯೇ. ಪುಸ್ತಕವನ್ನು ಏನು ಕೇಳಿದರೂ ಅದು ಹುಬ್ಬೇರಿಸುವುದಿಲ್ಲ.

ನಗು ಎಲ್ಲಿ ಕೆಲಸ ಮಾಡುತ್ತದೆ

ಮನಶ್ಶಾಸ್ತ್ರಜ್ಞೆ ಜೂನ್ ಟ್ಯಾಂಗ್ನಿ ಹಲವು ವರ್ಷ ಎರಡು ಭಾವನೆಗಳನ್ನು ಬೇರ್ಪಡಿಸಿ ಅಧ್ಯಯನ ಮಾಡಿದ್ದಾರೆ. ಒಂದು, ನಾನು ತಪ್ಪು ಮಾಡಿದೆ ಅನ್ನುವ ಭಾವನೆ. ಇನ್ನೊಂದು, ನಾನೇ ಸರಿಯಿಲ್ಲ ಅನ್ನುವ ಭಾವನೆ. ಮೊದಲನೆಯದು ಬಂದವರು ತಪ್ಪನ್ನು ಸರಿಪಡಿಸಲು ಹೋಗುತ್ತಾರೆ. ಎರಡನೆಯದು ಬಂದವರು ಮುಖ ಮರೆಸಿಕೊಳ್ಳುತ್ತಾರೆ, ಇಲ್ಲವೇ ಎದುರಿನವರ ಮೇಲೆ ಹರಿಹಾಯುತ್ತಾರೆ.

ಉತ್ತರಿಸದೆ ಉಳಿದ ಒಂದು ಇಮೇಲ್ ತೆಗೆದುಕೊಳ್ಳಿ. ಹಳೆಯ ಸಹೋದ್ಯೋಗಿಯೊಬ್ಬರು ಒಂದು ಚಿಕ್ಕ ಸಹಾಯ ಕೇಳಿ ಬರೆದಿದ್ದಾರೆ. ಮೊದಲ ದಿನ ನೀವು ನೋಡಿದ್ದೀರಿ, ಸಂಜೆ ನಿಧಾನವಾಗಿ ಬರೆಯೋಣ ಅಂದುಕೊಂಡಿದ್ದೀರಿ. ಮೂರನೇ ದಿನ, ತಡವಾಗಿದೆ, ಈಗ ಎರಡು ಸಾಲು ಬರೆದರೆ ಚೆನ್ನಾಗಿರಲ್ಲ, ಉದ್ದ ಬರೆಯಬೇಕು ಅನ್ನಿಸುತ್ತದೆ. ಹತ್ತನೇ ದಿನ ಉದ್ದ ಬರೆದರೂ ಸಾಲದು, ಕಾರಣ ಬೇರೆ ಕೊಡಬೇಕು. ಮೂರನೇ ವಾರಕ್ಕೆ ಆ ಹೆಸರು ಕಂಡರೇ ಇನ್‌ಬಾಕ್ಸ್ ಮುಚ್ಚಬೇಕು ಅನ್ನಿಸುತ್ತದೆ. ಉತ್ತರ ಬರೆಯಲು ಬೇಕಾಗಿದ್ದದ್ದು ಐದು ನಿಮಿಷ. ಈ ಇಮೇಲ್ ವಿಷಯದಲ್ಲಿ ಸಮಯ ನಿರ್ವಹಣೆಯ ಪಾಠದಿಂದ ಏನೂ ಆಗುವುದಿಲ್ಲ. ಆ ಐದು ನಿಮಿಷ ನಿಮ್ಮಲ್ಲಿ ಯಾವತ್ತೂ ಇತ್ತು.

ಹಾಸ್ಯದ ಲೇಖಕರು ಇದನ್ನೇ ಬರೆಯುವಾಗ ಮೂರನೇ ವಾರದ ಮನಸ್ಸನ್ನು ಎಳೆದೆಳೆದು ತೋರಿಸುತ್ತಾರೆ. ಊರು ಬಿಟ್ಟು, ಹೆಸರು ಬದಲಿಸಿ, ಬೆಟ್ಟದ ಮೇಲೆ ಹೋಗಿ ಬದುಕುವುದೇ ಸುಲಭ ಅನ್ನುವ ತನಕ ಅದನ್ನು ಬೆಳೆಸುತ್ತಾರೆ. ಓದುವವರು ನಗುತ್ತಾರೆ. ಯಾಕೆ ಅಂದರೆ ಅದೇ ಲೆಕ್ಕಾಚಾರ ಅವರ ತಲೆಯಲ್ಲೂ ನಡೆದಿರುತ್ತದೆ. ಆಮೇಲೆ ಲೇಖಕರು ಒಂದು ಸಾಲು ಕೊಡುತ್ತಾರೆ: 'ಉತ್ತರಿಸಲು ತಡವಾಯಿತು, ಕ್ಷಮಿಸಿ. ನೀವು ಕೇಳಿದ್ದು ಇಲ್ಲಿದೆ.' ಮುಗಿಯಿತು.

ಇಲ್ಲಿ ಆದದ್ದೇನು ಅನ್ನುವುದಕ್ಕೆ ಪೀಟರ್ ಮೆಕ್‌ಗ್ರಾ ಮತ್ತು ಕೇಲೆಬ್ ವಾರೆನ್ ಅನ್ನುವ ಸಂಶೋಧಕರು 2010ರಲ್ಲಿ ಪ್ರಕಟಿಸಿದ ವಿವರಣೆ ಚೆನ್ನಾಗಿ ಹೊಂದುತ್ತದೆ. ಅವರ ಪ್ರಕಾರ ನಗು ಬರಲು ಎರಡು ಒಟ್ಟಿಗೆ ಸೇರಬೇಕು. ಏನೋ ತಪ್ಪಾಗಿದೆ, ಇರಬೇಕಾದಂತೆ ಇಲ್ಲ ಅಂತ ಅನ್ನಿಸಬೇಕು. ಅದೇ ಹೊತ್ತಿಗೆ, ಪರವಾಗಿಲ್ಲ, ಇದರಿಂದ ಅಪಾಯವಿಲ್ಲ ಅಂತಲೂ ಅನ್ನಿಸಬೇಕು. ಕಚಗುಳಿ ಇದೇ ರೀತಿ. ಸ್ನೇಹಿತರು ಇಟ್ಟರೆ ನಗು ಬರುತ್ತದೆ, ಬೀದಿಯಲ್ಲಿ ಅಪರಿಚಿತರು ಇಟ್ಟರೆ ಗಾಬರಿಯಾಗುತ್ತದೆ. ಮೂರು ವಾರ ತಡವಾದ ಇಮೇಲ್ ತಪ್ಪೇ. ಲೇಖಕರೂ ಅದನ್ನೇ ಮಾಡಿ, ಬದುಕಿ ಉಳಿದು, ಪುಸ್ತಕ ಬರೆದಿದ್ದಾರೆ ಅಂದ ಮೇಲೆ ಅದು ಪ್ರಳಯವೇನಲ್ಲ. ನಕ್ಕ ಕ್ಷಣದಲ್ಲಿ 'ನಾನೇ ಸರಿಯಿಲ್ಲ' ಅನ್ನುವುದು 'ಒಂದು ಇಮೇಲ್ ಬಾಕಿ ಇದೆ' ಅನ್ನುವಷ್ಟಕ್ಕೆ ಇಳಿಯುತ್ತದೆ. ಬಾಕಿ ಇದ್ದದ್ದನ್ನು ತೀರಿಸಬಹುದು ಅಲ್ವಾ?

ಒಳ್ಳೆಯತನಕ್ಕೂ ಪಾತ್ರೆ ತೊಳೆಯುವುದಕ್ಕೂ ಏನು ಸಂಬಂಧ?

ಬ್ರೌನ್ ತಮ್ಮ ಮೊದಲ ಪುಸ್ತಕದ ನಾಲ್ಕು ವರ್ಷಗಳ ನಂತರ, 2017ರಲ್ಲಿ, ಜನರೊಂದಿಗೆ ಸೌಜನ್ಯದಿಂದ ನಡೆದುಕೊಳ್ಳುವ ಬಗ್ಗೆಯೇ ಇನ್ನೊಂದು ಪುಸ್ತಕ ಬರೆದರು. ಎರಡೂ ಪಾಠಗಳ ಬೇರು ಒಂದೇ. ದೊಡ್ಡವರ ಕೆಲಸ ಅಂತ ನಾವು ಕರೆಯುವ ಬಹಳಷ್ಟು ವಿಷಯಗಳು ಇನ್ನೊಬ್ಬರ ಮೇಲೆ ಬೀಳುವ ಭಾರವನ್ನು ಕಡಿಮೆ ಮಾಡುವ ಕೆಲಸಗಳು. ನೀವು ತೊಳೆಯದ ತಟ್ಟೆಯನ್ನು ಇನ್ನೊಬ್ಬರು ತೊಳೆಯುತ್ತಾರೆ. ನೀವು ತಡವಾಗಿ ಬಂದ ಅರ್ಧ ಗಂಟೆಯನ್ನು ಇನ್ನೊಬ್ಬರು ಕಾಯುತ್ತಾ ಕಳೆಯುತ್ತಾರೆ. ಒಳ್ಳೆಯತನ ಅಂದರೆ ದೊಡ್ಡ ತ್ಯಾಗ ಅಂದುಕೊಂಡವರಿಗೆ ಇದು ಕಣ್ಣಿಗೆ ಬೀಳುವುದಿಲ್ಲ.

ಲೇಖಕ ಜಾರ್ಜ್ ಸಾಂಡರ್ಸ್ 2013ರಲ್ಲಿ ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿದವರ ಮುಂದೆ ಮಾಡಿದ ಭಾಷಣ ಈ ಬಗೆಯ ಬರವಣಿಗೆಯ ಕೌಶಲವನ್ನು ಬಿಡಿಸಿ ತೋರಿಸುತ್ತದೆ. ಮುಂದಿನ ವರ್ಷ ಅದು ಪುಟ್ಟ ಪುಸ್ತಕವಾಗಿಯೂ ಬಂತು. ಬದುಕಿನಲ್ಲಿ ಯಾವುದರ ಬಗ್ಗೆ ನನಗೆ ಪಶ್ಚಾತ್ತಾಪ ಇದೆ ಅಂತ ಅವರು ಕೇಳಿಕೊಳ್ಳುತ್ತಾರೆ. ಸುಮಾತ್ರಾದಲ್ಲಿ ಮಂಗಗಳು ಗಲೀಜು ಮಾಡಿದ ನದಿಯಲ್ಲಿ ಈಜಿ ತಿಂಗಳುಗಟ್ಟಲೆ ಕಾಯಿಲೆ ಬಿದ್ದದ್ದು? ಇಲ್ಲ. ಹಾಕಿ ಆಟದಲ್ಲಿ ಇಷ್ಟಪಟ್ಟ ಹುಡುಗಿಯ ಮುಂದೆ ಬಿದ್ದು, ತಮ್ಮದೇ ಗೋಲಿಗೆ ಗೋಲು ಹೊಡೆದದ್ದು? ಅದೂ ಇಲ್ಲ. ಕೇಳುವವರು ನಗುತ್ತಿರುವಾಗಲೇ ಅವರು ಏಳನೇ ತರಗತಿಗೆ ಹೊಸದಾಗಿ ಸೇರಿದ ಒಬ್ಬ ಹುಡುಗಿಯ ಬಗ್ಗೆ ಹೇಳುತ್ತಾರೆ. ಉಳಿದ ಮಕ್ಕಳು ಅವಳನ್ನು ಗೇಲಿ ಮಾಡುತ್ತಿದ್ದರು. ಇವರು ಮಾಡಲಿಲ್ಲ, ಸ್ವಲ್ಪ ಅವಳ ಪರವಾಗಿಯೇ ಇದ್ದರು. ಆದರೂ ನಲವತ್ತು ವರ್ಷದ ನಂತರ ಕಾಡುವುದು ಅದೇ. ಎದುರಿಗೆ ಒಬ್ಬರು ನೋವಿನಲ್ಲಿದ್ದಾಗ ತಾವು ಹುಷಾರಾಗಿ, ಅಳೆದು ತೂಗಿ ಮಾತ್ರ ಸ್ಪಂದಿಸಿದೆವು ಅನ್ನುವುದು.

ಇಲ್ಲಿ ನಗು ಮೊದಲು, ಗಂಭೀರ ಮಾತು ಆಮೇಲೆ. ಮೊದಲೇ 'ದಯೆ ಇರಲಿ' ಅಂದಿದ್ದರೆ ಕೇಳುವವರು ಬುದ್ಧಿವಾದ ಶುರುವಾಯಿತು ಅಂತ ಸರಿದು ಕೂರುತ್ತಿದ್ದರು. ನಗುತ್ತಿರುವವರು ಹಾಗೆ ಬಿಗಿಯಾಗಿ ಕೂತಿರುವುದಿಲ್ಲ. ಆ ಹುಡುಗಿಯ ಕಥೆ ನೇರವಾಗಿ ಒಳಗೆ ಇಳಿಯುತ್ತದೆ.

ಒಳ್ಳೆಯತನ ತೋರಿಸಲು ನಾವು ಯಾಕೆ ಹಿಂಜರಿಯುತ್ತೇವೆ ಅನ್ನುವುದೂ ಈಗ ಸಾಕಷ್ಟು ಗೊತ್ತಾಗಿದೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಅನ್ನುವ ಸಂಶೋಧಕರು ಷಿಕಾಗೋದ ಮ್ಯಾಗಿ ಡೇಲಿ ಪಾರ್ಕ್‌ನಲ್ಲಿ, ಐಸ್ ಮೇಲೆ ಸ್ಕೇಟಿಂಗ್ ಮಾಡುವ ಜಾಗದಲ್ಲಿ, ಜನರಿಗೆ ಒಂದು ಕಪ್ ಬಿಸಿ ಚಾಕೊಲೇಟ್ ಕೊಟ್ಟರು. ನೀವೇ ಇಟ್ಟುಕೊಳ್ಳಬಹುದು, ಇಲ್ಲವೇ ಇಲ್ಲಿರುವ ಯಾರೋ ಒಬ್ಬ ಅಪರಿಚಿತರಿಗೆ ಕೊಡಿಸಬಹುದು ಅಂದರು. ಕೊಟ್ಟವರು, ಇದೇನು ದೊಡ್ಡ ವಿಷಯ ಅಲ್ಲ ಅಂದುಕೊಂಡಿದ್ದರು. ಪಡೆದವರಿಗೆ ಅದು ಅವರು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು. ಅದೇ ಇಬ್ಬರು 2018ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಕೃತಜ್ಞತೆಯ ಪತ್ರಗಳ ಬಗ್ಗೆ. ಬರೆಯುವವರು ಪದ ಸರಿಯಾಗಿ ಸಿಕ್ಕಿತಾ, ಓದುವವರಿಗೆ ಮುಜುಗರವಾಗುತ್ತಾ ಅಂತ ಚಿಂತಿಸುತ್ತಾರೆ. ಪತ್ರ ಸಿಕ್ಕವರಿಗೆ ಅಷ್ಟು ಮುಜುಗರ ಆಗಿರಲಿಲ್ಲ, ಬರೆದವರು ಊಹಿಸಿದ್ದಕ್ಕಿಂತ ಹೆಚ್ಚು ಖುಷಿಯಾಗಿತ್ತು. ಕೊಡುವವರು ತಮ್ಮ ಸಾಮರ್ಥ್ಯ ಅಳೆಯುತ್ತಾರೆ. ಪಡೆಯುವವರು ಎದುರಿನವರ ಪ್ರೀತಿ ಮಾತ್ರ ನೋಡುತ್ತಾರೆ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಮುಖ್ಯ ಅನ್ನಿಸುವ ಸಂಗತಿ ಇದೇ.

ಸಾವಿನ ಸುದ್ದಿ ಬಂದಾಗ ಇದು ಚೆನ್ನಾಗಿ ಕಾಣುತ್ತದೆ. ಸ್ನೇಹಿತರ ತಂದೆ ತೀರಿಕೊಂಡಿದ್ದಾರೆ. ನೀವು ಫೋನ್ ಹಿಡಿದು ಕೂತಿದ್ದೀರಿ. 'ದೇವರು ದುಃಖ ತಡೆಯುವ ಶಕ್ತಿ ಕೊಡಲಿ' ಅಂತ ಬರೆದು, ಎಲ್ಲರೂ ಇದನ್ನೇ ಬರೆಯುತ್ತಾರೆ ಅಂತ ಅಳಿಸುತ್ತೀರಿ. 'ಏನು ಬೇಕಿದ್ದರೂ ಹೇಳಿ' ಅಂತ ಬರೆದು, ಅದು ಬಾಯಿಮಾತಿನಂತೆ ಕಂಡು ಅಳಿಸುತ್ತೀರಿ. ಕೊನೆಗೆ ನಾಳೆ ಬರೆಯೋಣ ಅಂತ ಬಿಡುತ್ತೀರಿ. ಒಳ್ಳೆಯ ಪುಸ್ತಕವೊಂದು ಇಲ್ಲಿ ಮೊದಲು ನಮ್ಮೆಲ್ಲರ ಈ ಅಳಿಸಾಟವನ್ನು ತಮಾಷೆಯಾಗಿ ಬಿಚ್ಚಿಡುತ್ತದೆ. ಆಮೇಲೆ ಮೂರು ಸಾಲು ಸಾಕು ಅನ್ನುತ್ತದೆ. ವಿಷಯ ಗೊತ್ತಾಯಿತು, ತುಂಬಾ ದುಃಖವಾಯಿತು ಅನ್ನುವುದು ಒಂದು. ಹೋದವರ ಬಗ್ಗೆ ನಿಮಗೆ ನೆನಪಿರುವ ಒಂದೇ ಒಂದು ನಿಜವಾದ ಸಂಗತಿ, ಅದು ಎಷ್ಟೇ ಚಿಕ್ಕದಿರಲಿ, ಎರಡನೆಯದು. ಉತ್ತರ ಬರೆಯುವ ಅಗತ್ಯವಿಲ್ಲ ಅನ್ನುವುದು ಮೂರನೆಯದು. ಆ ಕೊನೆಯ ಸಾಲು ದುಃಖದಲ್ಲಿರುವವರ ಮೇಲಿನ ಒಂದು ಭಾರ ಇಳಿಸುತ್ತದೆ. ಸಹಾಯ ಮಾಡಬೇಕು ಅಂತಿದ್ದರೆ 'ಏನು ಬೇಕು' ಅಂತ ಕೇಳಿ ಅವರಿಗೇ ಯೋಚನೆಯ ಕೆಲಸ ಹಚ್ಚಬೇಡಿ. 'ನಾಳೆ ಸಂಜೆ ಊಟ ತಂದು ಬಾಗಿಲ ಹತ್ತಿರ ಇಡುತ್ತೇನೆ' ಅಂತ ಹೇಳಿ, ತಂದಿಡಿ.

ತಮ್ಮ ಬಗ್ಗೆಯೇ ದಯೆ ಇರಬೇಕು ಅನ್ನುವುದು ಈ ಪುಸ್ತಕಗಳಲ್ಲಿ ಪದೇ ಪದೇ ಬರುವ ಮಾತು. ಇದನ್ನು ಸೋಮಾರಿತನಕ್ಕೆ ಪರವಾನಗಿ ಅಂತ ತಿಳಿಯುವವರು ಜಾಸ್ತಿ. ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ ಇದಕ್ಕೊಂದು ಸ್ಪಷ್ಟ ರೂಪ ಕೊಟ್ಟರು. ಸೋತಾಗ ತನ್ನನ್ನು ತಾನು ಬೈದುಕೊಳ್ಳದಿರುವುದು, ಇಂಥ ಸೋಲು ಮನುಷ್ಯರಿಗೆಲ್ಲ ಇದ್ದದ್ದೇ ಅಂತ ತಿಳಿಯುವುದು, ನೋವನ್ನು ಮುಚ್ಚದೆ, ಹಿಗ್ಗಿಸದೆ ಇದ್ದಂತೆ ನೋಡುವುದು, ಇವು ಮೂರೂ ಸೇರಬೇಕು ಅಂದರು. 2012ರಲ್ಲಿ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ ಅನ್ನುವ ಸಂಶೋಧಕರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಒಂದು ಕಷ್ಟದ ಪದಪರೀಕ್ಷೆ ಕೊಟ್ಟರು. ಅದು ಸರಿಯಾಗಿ ಬಾರದೆ ಹೋದಾಗ ಕೆಲವರಿಗೆ, ಇದು ಎಲ್ಲರಿಗೂ ಕಷ್ಟವೇ, ನಿಮ್ಮನ್ನು ನೀವು ಜರಿದುಕೊಳ್ಳಬೇಡಿ ಅನ್ನುವ ಅರ್ಥದ ಮಾತು ಹೇಳಿದರು. ಇನ್ನು ಕೆಲವರಿಗೆ ನೀವು ಬುದ್ಧಿವಂತರೇ ಅಂತ ಹೊಗಳಿದರು. ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದವರು ಮೊದಲ ಗುಂಪಿನವರು. ಮೆತ್ತಗಿನ ಮಾತು ಕೇಳಿದವರೇ ಜಾಸ್ತಿ ದುಡಿದರು.

ಎಲ್ಲಿ ದಾರಿ ತಪ್ಪುತ್ತದೆ

ಈ ಬಗೆಯ ಪುಸ್ತಕಗಳೆಲ್ಲ ಒಳ್ಳೆಯವಲ್ಲ. ಕೆಲವಲ್ಲಿ ನಗುವೇ ಕೊನೆ. ನಾನೂ ಹಾಗೇ, ನೀವೂ ಹಾಗೇ, ಬಿಡಿ ಅಂತ ಹೇಳಿ ಅಧ್ಯಾಯ ಮುಗಿಯುತ್ತದೆ. ಓದುವಾಗ ಹಿತವಾಗಿರುತ್ತದೆ, ಪಾತ್ರೆ ಸಿಂಕ್‌ನಲ್ಲೇ ಇರುತ್ತದೆ. ಇನ್ನು ಕೆಲವು ನಗುವಿಗೆ ಬೇರೆಯವರನ್ನು ಬಳಸಿಕೊಳ್ಳುತ್ತವೆ. ಹೆಂಡತಿ, ಅತ್ತೆ, ಬಾಸ್, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ, ಇವರ ಮೇಲೆ ಜೋಕ್ ಹೊಡೆಯುತ್ತಾ ದಯೆಯ ಬಗ್ಗೆ ಬರೆಯಲು ಆಗುವುದಿಲ್ಲ. ಓದುವವರು ಕಲಿಯುವುದು ಆ ಜೋಕನ್ನೇ.

ಮೂರನೆಯ ತಪ್ಪು ಸೂಕ್ಷ್ಮವಾದದ್ದು. ಒಳ್ಳೆಯವರಾಗಿರುವುದು ಅಂದರೆ ಎಲ್ಲದಕ್ಕೂ ಹೂಂ ಅನ್ನುವುದು ಅಂತ ಕೆಲವು ಪುಸ್ತಕಗಳು ಕಲಿಸಿಬಿಡುತ್ತವೆ. ಮಾಡಲಾಗದ ಕೆಲಸಕ್ಕೆ ಹೂಂ ಅಂದು, ಕೊನೆ ಗಳಿಗೆಯಲ್ಲಿ ಕೈ ಕೊಡುವುದಕ್ಕಿಂತ ಮೊದಲ ದಿನವೇ 'ಈ ಸಲ ನನ್ನಿಂದ ಆಗಲ್ಲ' ಅನ್ನುವುದು ಹೆಚ್ಚು ದಯೆಯ ಮಾತು. ಎದುರಿನವರಿಗೆ ಬೇರೆಯವರನ್ನು ಹುಡುಕಲು ಸಮಯ ಸಿಗುತ್ತದೆ.

ಅಂಗಡಿಯಲ್ಲೇ ಪರೀಕ್ಷಿಸಲು ಒಂದು ದಾರಿ ಇದೆ. ಮಧ್ಯದ ಯಾವುದಾದರೂ ಪುಟ ತೆರೆಯಿರಿ. ತಮಾಷೆಯನ್ನು ಪಕ್ಕಕ್ಕಿಟ್ಟು, ಇವತ್ತು ಸಂಜೆಯೊಳಗೆ ಮಾಡಬಹುದಾದ ಒಂದು ಕೆಲಸ ಆ ಪುಟದಲ್ಲಿ ಇದೆಯಾ ನೋಡಿ. ಎರಡು ಮೂರು ಪುಟ ತಿರುವಿದರೂ ಸಿಗದಿದ್ದರೆ ಅದನ್ನು ಹಾಸ್ಯದ ಪುಸ್ತಕ ಅಂತಲೇ ಕೊಳ್ಳಿ.

ಓದುವ ರೀತಿಯೂ ಮುಖ್ಯ. ಒಂದೇ ಕೂತಲ್ಲಿ ಮುಗಿಸಿದರೆ ನಗು ಮಾತ್ರ ಉಳಿಯುತ್ತದೆ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ಬರೆದ ಒಂದು ಪ್ರಬಂಧ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇನ್ನು ಮೇಲೆ ಚೆನ್ನಾಗಿ ಇರುತ್ತೇನೆ ಅನ್ನುವ ಸಂಕಲ್ಪಕ್ಕಿಂತ, ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ ಅನ್ನುವ ಖಚಿತ ಯೋಜನೆ ಕೈಗೂಡುವುದು ಹೆಚ್ಚು ಅಂತ ಅವರು ತೋರಿಸಿದರು. ಊಟ ಮುಗಿದು ಎದ್ದ ಕೂಡಲೇ ನನ್ನ ತಟ್ಟೆ ತೊಳೆಯುತ್ತೇನೆ. ಯಾರಾದರೂ ಸಹಾಯ ಮಾಡಿದ ದಿನ ಮಲಗುವ ಮೊದಲು ಅವರಿಗೆ ಒಂದು ಸಾಲು ಬರೆಯುತ್ತೇನೆ. ಪುಸ್ತಕದಿಂದ ಇಂಥದ್ದೊಂದನ್ನು ಹೆಕ್ಕಿಕೊಂಡು, ಅದು ರೂಢಿಯಾದ ಮೇಲೆ ಇನ್ನೊಂದಕ್ಕೆ ಹೋಗಬಹುದು.

ಪುಸ್ತಕ ಮುಟ್ಟಲಾಗದ ಜಾಗಗಳೂ ಇವೆ. ಬಿಲ್ ಕಟ್ಟದಿರುವುದು ಮರೆವಿನಿಂದ ಅಲ್ಲ, ದುಡ್ಡಿಲ್ಲದೆ ಅಂದರೆ ಅಲ್ಲಿ ತಮಾಷೆಯ ಸಲಹೆ ನೋವನ್ನೇ ಹೆಚ್ಚಿಸುತ್ತದೆ. ವಾರಗಟ್ಟಲೆ ಹಾಸಿಗೆಯಿಂದ ಏಳಲು ಮನಸ್ಸಾಗದಿದ್ದರೆ, ಸ್ನಾನವೂ ಬೆಟ್ಟದಷ್ಟು ಕಂಡರೆ, ಅದು ಖಿನ್ನತೆ ಇರಬಹುದು. ವೈದ್ಯರನ್ನು ಕಾಣಬೇಕು.

ಕೊನೆಗೆ, ಉಡುಗೊರೆಯ ವಿಷಯ. ಈ ಪುಸ್ತಕಗಳನ್ನು ಹುಟ್ಟುಹಬ್ಬಕ್ಕೆ ಕೊಡುವವರು ಬಹಳ. ನಿಮಗೆ ಇನ್ನೂ ಬುದ್ಧಿ ಬಂದಿಲ್ಲ ಅನ್ನುವ ಅರ್ಥ ಅದರಲ್ಲಿ ಸುಲಭವಾಗಿ ಸೇರಿಬಿಡುತ್ತದೆ. ಆಗ ಪುಸ್ತಕ ಕರಗಿಸಬೇಕಾದ ನಾಚಿಕೆಯನ್ನು ಉಡುಗೊರೆಯೇ ಹುಟ್ಟಿಸಿದಂತೆ. ಮೊದಲು ನೀವು ಓದಿ. ನಿಮಗೆ ನಿಜವಾಗಿ ಉಪಯೋಗವಾದ ಪುಟದ ಪಕ್ಕ, ಇದು ನನಗೆ ಕೆಲಸಕ್ಕೆ ಬಂತು ಅಂತ ಪೆನ್ಸಿಲ್‌ನಲ್ಲಿ ಬರೆದು, ನಿಮ್ಮದೇ ಪ್ರತಿಯನ್ನು ಓದೋಕೆ ಕೊಡಿ.